ತಾರಸಿಗೆ ಕಂಪನಿ ಬೀಗ

ಹಳೇ ಊರು, ಕೃಷ್ಣರಾಜಪುರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ತಂಗಿ ಸುಕನ್ಯಾ,

ನಿನ್ನ ಎಡ ಮೊಣಕಾಲು ಈಗ ಹೇಗಿದೆ? ನಿನ್ನ ಯಜಮಾನರು ಮುನಿಆಂಜನಪ್ಪನವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಇದೆಲ್ಲ ಇವನಿಗೆ ಹೇಗೆ ಗೊತ್ತಾಯಿತು ಅಂತ ಹುಬ್ಬು ಗಂಟಿಕ್ಕಬೇಡ. ಹೋದ ತಿಂಗಳು ಹಲಸೂರು ಮಾರ್ಕೆಟ್ಟಿನಲ್ಲಿ ನೀನು ದಂಟಿನ ಸೊಪ್ಪು ಆರಿಸುತ್ತಿದ್ದೆ. ನಾನು ನಾಲ್ಕು ಮಾರು ಹಿಂದೆ ನಿಂತಿದ್ದೆ. ಕಾಲು ಎಳೆದು ಹಾಕುವುದನ್ನು ನೋಡಿದೆ, ಸೊಪ್ಪಿನವಳ ಹತ್ತಿರ ಯಜಮಾನರ ಮಾತ್ರೆಯ ವಿಷಯ ಹೇಳುವುದನ್ನು ಕೇಳಿದೆ. ಕೂಗೋಣವೆಂದು ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಫ್ಯಾಕ್ಟರಿ ಗೇಟಿನಲ್ಲಿ ಮೈಕಿಲ್ಲದೆ ಎರಡು ಸಾವಿರ ಜನಕ್ಕೆ ಕೇಳಿಸುವಂತೆ ಘೋಷಣೆ ಕೂಗಿದ ಗಂಟಲು ಇದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದು ನಿನ್ನ ಹಕ್ಕು. ಕಾಗದವನ್ನಾದರೂ ಹರಿದು ಹಾಕುವ ಮುಂಚೆ ಒಂದು ಸಲ ಓದುತ್ತೀಯ ಅಂದುಕೊಂಡು, ಮೆಟ್ರೋದಲ್ಲಿ ಐದಾರು ಸ್ಟೇಷನ್ ಆಚೆ ಮರ್ಫಿ ಟೌನಿನಲ್ಲಿರುವ ತಂಗಿಗೆ ಅಂಚೆ ಚೀಟಿ ಅಂಟಿಸುತ್ತಿದ್ದೇನೆ.

ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಅರವತ್ತಮೂರಕ್ಕೆ ಇರಬೇಕಾದ ನೋವುಗಳಿವೆ, ಅಷ್ಟೇ. ನಿನ್ನ ಅತ್ತಿಗೆ ಹೋಗಿ ಎರಡು ವರ್ಷವಾಯಿತು. ಆ ದಿನ ನೀನು ಗೇಟಿನ ಹೊರಗೇ ನಿಂತು, ಹೂವನ್ನು ಬಾಡಿಗೆಯವರ ಕೈಗೆ ಕೊಟ್ಟು, ಒಂದು ಲೋಟ ನೀರೂ ಕುಡಿಯದೆ ಹೋದೆ. ನಿನ್ನ ಬೆನ್ನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಈಗ ಒಂದು ಪಾವು ಅಕ್ಕಿ ಹಾಕಿದರೆ ಎರಡು ದಿನಕ್ಕೆ ಆಗುತ್ತದೆ. ಟಿವಿ ಹಚ್ಚಿಟ್ಟು ನಾನು ಪಕ್ಕದ ಕೋಣೆಯಲ್ಲಿ ಹೋಗಿ ಕೂರುತ್ತೇನೆ. ಎದುರಿಗೆ ಕೂತು ನೋಡಿದರೆ ಅದು ಟಿವಿ. ಗೋಡೆಯಾಚೆಯಿಂದ ಕೇಳಿದರೆ ಮನೆಯಲ್ಲಿ ಯಾರೋ ಮಾತಾಡುತ್ತಿರುವ ಹಾಗಿರುತ್ತದೆ. ನಗಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಿನಗೆ ಆಗುವುದಿಲ್ಲ, ನನಗೂ ಬರುವುದಿಲ್ಲ. ನಮ್ಮ ಮನೆಯ ತಾರಸಿ ನಮ್ಮ ಕೈ ತಪ್ಪಿದೆ. ಮೆಟ್ಟಿಲ ಕೊನೆಯ ಬಾಗಿಲಿಗೆ ಒಂದು ಕಂಪನಿಯವರು ಬೀಗ ಹಾಕಿದ್ದಾರೆ. ಕೀಲಿ ನನ್ನ ಹತ್ತಿರ ಇಲ್ಲ.

ಆಗಸ್ಟಿನಲ್ಲಿ ರಾಮು ಅಂತ ಒಬ್ಬ ಬಂದ. ಮೂವತ್ತರ ಒಳಗಿನವನು, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು. ಕರೆಂಟ್ ಆಫೀಸಿನ ಕಡೆಯಿಂದ ಅಂದ. ಸೋಲಾರ್ ಹಾಕೋ ಸರ್ಕಾರದ ಸ್ಕೀಮು, ಪ್ಯಾನಲ್ಲು ಫ್ರೀ, ಬಿಲ್ಲು ಸೊನ್ನೆ, ‘ನಿಮ್ಮ ಬೀದಿಗೆ ನಾಲ್ಕೇ ಮನೆ ಅಂಕಲ್, ಕೊನೇ ಲಿಸ್ಟು’ ಅಂದ. ನಾನು ಸುಲಭಕ್ಕೆ ಬಗ್ಗಲಿಲ್ಲ. ಕೂರಿಸಿ ಪ್ರಶ್ನೆ ಕೇಳಿದೆ. ಅವನು ಕಾಫಿ ಕುಡಿದ. ಮಾರನೆಯ ದಿನ ಮತ್ತೆ ಬಂದ. ಗೋಡೆಯ ಮೇಲಿದ್ದ ಮುಷ್ಕರದ ಫೋಟೋ ನೋಡಿ ‘ಇದರಲ್ಲಿ ನೀವ್ಯಾರು’ ಅಂತ ಕೇಳಿದ. ನಿನ್ನ ಅತ್ತಿಗೆಯ ಫೋಟೋಗೆ ಕೈ ಮುಗಿದ. ಮೂರನೆಯ ದಿನ ‘ಊಟ ಆಯ್ತಾ ಅಂಕಲ್’ ಅಂತ ಕೇಳಿಕೊಂಡೇ ಒಳಗೆ ಬಂದ. ಎರಡು ವರ್ಷದಲ್ಲಿ ಆ ಬಾಗಿಲಲ್ಲಿ ನಿಂತು ಆ ಮಾತನ್ನು ಕೇಳಿದವನು ಅವನೊಬ್ಬನೇ. ನಿಜ ಹೇಳುತ್ತೇನೆ ಸುಕನ್ಯಾ, ಬಿಲ್ಲಿನ ಆಸೆ ಅರ್ಧ. ಇವನು ನಾಲ್ಕನೆಯ ದಿನವೂ ಬರಲಿ ಅನ್ನುವುದು ಇನ್ನರ್ಧ. ಅದನ್ನು ಅವನು ಮೊದಲನೆಯ ದಿನವೇ ಮೂಸಿದ್ದ. ಇವರು ಮನೆಯ ಬಿಸಿಲು ಅಳೆಯುವ ಮುಂಚೆ ಮನೆಯಲ್ಲಿ ಎಷ್ಟು ಜನ ಅಂತ ಅಳೆಯುತ್ತಾರೆ.

ನಮ್ಮ ಮನೆಯಲ್ಲಿ ಕಾಗದಕ್ಕೆ ಹೆದರುವುದು ನಿನಗೆ ಗೊತ್ತು. ಅಪ್ಪ ಮುನಿವೆಂಕಟಪ್ಪ ಯಾವನೋ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಕೆರೆ ಕೆಳಗಿನ ಹೊಲ ಕಳಕೊಂಡ ಮೇಲೆ, ಛಾಪಾ ಕಾಗದ ಕಂಡರೆ ಹಾವು ಕಂಡಂತೆ. ಈ ಹಳೇ ಊರಿನ ಪ್ರತಿ ಮನೆಯಲ್ಲೂ ಅಂಥದ್ದೊಂದು ಕತೆಯಿದೆ. ನಾನೂ ಯೂನಿಯನ್ನಿನಲ್ಲಿ ಒಪ್ಪಂದದ ಒಂದೊಂದು ಸಾಲನ್ನೂ ಕಾರ್ಮಿಕರಿಗೆ ಗಟ್ಟಿಯಾಗಿ ಮೂರು ಸಲ ಓದಿ ಹೇಳದೆ ಸಹಿ ಮಾಡಿದವನಲ್ಲ. ಅದೇ ಗತ್ತಿನಲ್ಲಿ ರಾಮುಗೆ ಹೇಳಿದೆ, ‘ನೋಡಪ್ಪ, ಯಾವ ಪೇಪರ್‌ಗೂ ಸೈನ್ ಹಾಕಲ್ಲ ನಾನು.’ ಅವನು ನಕ್ಕ. ‘ಪೇಪರೇ ಇಲ್ಲ ಅಂಕಲ್. ಸೈನೇ ಬೇಡ. ಆಧಾರ್ ನಂಬರ್ ಕೊಡಿ, ಮೊಬೈಲ್‌ಗೆ ಆರು ನಂಬರ್ ಬರುತ್ತೆ, ಅದನ್ನ ಹೇಳಿ ಸಾಕು.’ ನನಗೆ ಗೆದ್ದ ಹಾಗಾಯಿತು. ಅಪ್ಪನ ಹಾಗೆ ಹೆಬ್ಬೆಟ್ಟು ಒತ್ತಲಿಲ್ಲ, ಪೆನ್ನು ಮುಟ್ಟಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು ಆರು ಅಂಕಿಗಳನ್ನೂ ಒಂದೊಂದಾಗಿ ಓದಿದೆ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. ಆ ಆರು ಅಂಕಿಯೇ ಸಹಿ. ಅದು ನಲವತ್ತೆರಡು ಪುಟದ ಇಂಗ್ಲಿಷ್ ಕರಾರಿನ ಕೊನೆಗೆ ಹೋಗಿ ಕೂತಿತು. ಆ ನಲವತ್ತೆರಡು ಪುಟಗಳಲ್ಲಿ ಒಂದನ್ನೂ ನನಗೆ ತೋರಿಸಿರಲಿಲ್ಲ.

ವಾರ ಕಳೆಯುವುದರೊಳಗೆ ಆಳುಗಳು ಬಂದು ತಾರಸಿಗೆ ತೂತು ಕೊರೆದು ಪ್ಯಾನಲ್ಲು ನಿಲ್ಲಿಸಿದರು. ನಾನೇ ಮಜ್ಜಿಗೆ ಕೊಟ್ಟೆ. ಬಿಲ್ಲು ಸೊನ್ನೆಯಾಗಲಿಲ್ಲ, ಎರಡಾಯಿತು: ಒಂದು ಕರೆಂಟ್ ಆಫೀಸಿನದು, ಒಂದು ಕಂಪನಿಯದು. ಏನೋ ಶುರುವಿನ ಗೊಂದಲ ಅಂದುಕೊಂಡೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕೆಳಗಿನ ಬಾಡಿಗೆ ಮನೆಯ ಪೀರಪ್ಪ ಬಂದ. ಸಿಂಧನೂರಿನ ಕಡೆಯವನು, ಗಾರೆ ಕೆಲಸ. ‘ಯಜಮಾನ್ರ, ಮ್ಯಾಲ ಕೀಲಿ ಜಡದಾರ್ರಿ. ನಮ್ಮಕಿ ಒಣಗಾಕ ಹಾಕಿದ್ದ ಕೌದಿ ಒಳಗ ಸಿಕ್ಕಾವು. ಚಾವಿ ಕೊಡ್ರಿ’ ಅಂದ. ನನ್ನ ಹತ್ತಿರ ಇಲ್ಲ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ‘ಮನಿ ನಿಮ್ದು, ಚಾವಿ ಯಾರ್ದೋ. ಇದೆಂಥ ಯಜಮಾನ್ಕಿರೀ’ ಅಂದ. ಕುಹಕವಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದ. ರಾಮುಗೆ ಫೋನು ಮಾಡಿದೆ, ಸ್ವಿಚ್ ಆಫ್. ಕಂಪನಿಯ ನಂಬರಿನಲ್ಲಿ ಒಂದು ಹೆಣ್ಣು ದನಿ, ‘ಸರ್, ಅಗ್ರಿಮೆಂಟ್ ಪ್ರಕಾರ ಟೆರೇಸ್ ನಮ್ಮ ಪೊಸೆಷನ್ನು’ ಅಂತ, ಹಾಲಿನ ಪ್ಯಾಕೆಟ್ಟಿನ ರೇಟು ಹೇಳುವಷ್ಟು ತಣ್ಣಗೆ ಹೇಳಿತು.

ನನ್ನ ಜೊತೆ ಲೇತ್ ಮೆಷಿನ್ನಿನಲ್ಲಿ ಇದ್ದ ಸನಾವುಲ್ಲಾ ನಿನಗೆ ನೆನಪಿರಬಹುದು, ರಂಜಾನಿಗೆ ನಿನಗೆ ಶೀರ್ ಕುರ್ಮಾ ಕಳಿಸುತ್ತಿದ್ದನಲ್ಲ, ಅವನು. ಅವನ ತಾರಸಿಗೂ ಅದೇ ಬೀಗ. ಅವನ ತಮ್ಮನ ಮಗಳು ನೌರೀನ್ ಶಿವಾಜಿನಗರದಲ್ಲಿ ವಕೀಲೆ. ಕರಾರಿನ ಪ್ರತಿಯನ್ನು ಕಂಪನಿಯಿಂದ ಜಗಳ ಮಾಡಿ ತರಿಸಿ ಅವಳ ಮುಂದೆ ಇಟ್ಟೆ. ಆ ಹುಡುಗಿ ನಲವತ್ತೆರಡು ಪುಟ ಓದಿ ಕನ್ನಡಕ ತೆಗೆದಿಟ್ಟಳು. ‘ಅಂಕಲ್, ನೀವು ಸೋಲಾರ್ ತಗೊಂಡಿಲ್ಲ. ನಿಮ್ಮ ಛತ್ ಅವರಿಗೆ ಕೊಟ್ಬಿಟ್ಟಿದ್ದೀರ, ಇಪ್ಪತ್ತೈದು ವರ್ಷಕ್ಕೆ.’ ಪ್ಯಾನಲ್ಲು ಅವರದು, ಅದರ ಕರೆಂಟೂ ಅವರದು. ನಾನು ಅದನ್ನು ಅವರಿಂದ ಕೊಳ್ಳಬೇಕು, ರೇಟು ಪ್ರತಿ ವರ್ಷ ಏರಬೇಕು. ಮೇಲೆ ಒಂದು ರೂಮು ಕಟ್ಟುವಂತಿಲ್ಲ. ಮನೆ ಮಾರಿದರೆ ಕೊಂಡವನ ತಲೆಗೂ ಇದೇ ಕರಾರು. ಅದು ಮುಗಿಯುವ ಹೊತ್ತಿಗೆ ನನಗೆ ಎಂಬತ್ತೆಂಟು. ಸರ್ಕಾರದ ಸ್ಕೀಮು ಅನ್ನುವ ಮಾತು ಆ ನಲವತ್ತೆರಡು ಪುಟದಲ್ಲಿ ಎಲ್ಲೂ ಇಲ್ಲ.

ಬಿಸಿಲಿನ ಕರೆಂಟು ಕೆಟ್ಟದ್ದಲ್ಲ. ಯೋಗ್ಯವಾಗಿ ಹಾಕಿಸಿಕೊಂಡವರು ನೆಮ್ಮದಿಯಾಗಿದ್ದಾರೆ, ಆ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಬಿಸಿಲಿಗೂ ದಲ್ಲಾಳಿ ಹುಟ್ಟಿದ್ದಾನೆ. ಅವನು ಬರುವುದು ವಕೀಲರ ಮನೆಗಲ್ಲ. ಇಂಗ್ಲಿಷ್ ಓದಲು ಬಾರದವರ, ಒಂಟಿಯಾಗಿ ಕೂತವರ, ಮೋಸಹೋದರೆ ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವವರ ಮನೆಗೆ. ನಮ್ಮ ಬೀದಿಯ ನಾಲ್ಕು ಮನೆಯನ್ನೂ ಕರೆದು ಒಟ್ಟಿಗೆ ದೂರು ಕೊಡೋಣ ಅಂದೆ. ಒಬ್ಬರೂ ಮುಂದೆ ಬರಲಿಲ್ಲ. ಸನಾವುಲ್ಲಾನೇ ಕೈ ಹಿಡಿದು, ‘ಬಿಟ್ಬಿಡಿ ಕೆಂಪರಾಜ್ ಭಾಯ್. ಲೀಡರ್ ಆಗಿದ್ದೋನೇ ಟೋಪಿ ಹಾಕಿಸ್ಕೊಂಡ ಅಂತ ಜನ ನಗ್ತಾರೆ’ ಅಂದ. ನಗಲಿ. ಈ ಕಂಪನಿಗಳು ಬದುಕಿರುವುದೇ ನಮ್ಮ ಮರ್ಯಾದೆಯ ಮೇಲೆ. ನಿಮ್ಮ ಬೀದಿಗೂ ಇಂಥವರು ಬರುತ್ತಾರೆ. ಬಂದರೆ ಅಕ್ಕಪಕ್ಕದ ಹೆಂಗಸರಿಗೆ ಹೇಳು: ಫೋನಿಗೆ ಬಂದ ನಂಬರನ್ನು ಯಾರಿಗೂ ಓದಬೇಡಿ, ಕರಾರನ್ನು ಕೈಗೆ ಕೊಟ್ಟು ಹೋಗು ಅನ್ನಿ, ಇವತ್ತೇ ಕೊನೇ ದಿನ ಅಂದವನನ್ನು ಇವತ್ತೇ ಹೊರಗೆ ಕಳಿಸಿ.

ನೌರೀನ್ ಆಮೇಲೆ ನಮ್ಮ ಮನೆಯ ಇ-ಖಾತಾ ತೆಗೆದಳು. ‘ಈ ಸುಕನ್ಯಾ ಯಾರು ಅಂಕಲ್?’ ಅಂದಳು. ತಂಗಿ ಅಂದೆ. ‘ಅವರ ಒಪ್ಪಿಗೆ ಎಲ್ಲಿ?’ ಅಂದಳು.

ಹದಿನಾರು ವರ್ಷದ ಹಿಂದಿನದನ್ನು ಈಗ ಬರೆಯಲೇಬೇಕು. ಲೇಔಟಿನವರು ಉಳಿದಿದ್ದ ನಮ್ಮ ರಾಗಿ ಹೊಲವನ್ನು ಕೊಳ್ಳಲು ಬಂದಾಗ, ನಮ್ಮ ಕಡೆಯ ಗಂಡಸರೆಲ್ಲ ಏನು ಮಾಡಿದರೋ ನಾನೂ ಅದನ್ನೇ ಮಾಡಿದೆ. ಅಕ್ಕತಂಗಿಯರಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಹಕ್ಕು ಬಿಡಿಸಿಕೊಳ್ಳುವ ಸಂಪ್ರದಾಯ. ನೀನು ‘ಏನಣ್ಣ ಇದು’ ಅಂತ ಕೇಳಿದೆ. ‘ಸುಮ್ನೆ ಫಾರ್ಮಾಲಿಟಿ ಕಣಮ್ಮ, ಇಂಟು ಹಾಕಿರೋ ಕಡೆ ಸೈನ್ ಹಾಕು’ ಅಂದೆ. ನೀನು ಹಾಕಿದೆ, ಅಣ್ಣ ಅಂತ ಹಾಕಿದೆ. ರಾಮು ಮೂರು ದಿನ ಕಾಫಿ ಕುಡಿದು ನಂಬಿಸಬೇಕಾಯಿತು. ನನಗೆ ಅಷ್ಟೂ ಕಷ್ಟ ಬೀಳಲಿಲ್ಲ. ಸಮಾನತೆ ಅಂತ ಗೇಟಿನಲ್ಲಿ ಭಾಷಣ ಮಾಡಿದ ದಿನವೇ ಮಧ್ಯಾಹ್ನ ರಜೆ ಹಾಕಿ ನಿನ್ನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಮನೆಯೊಂದು ಮಾತ್ರ ಇಬ್ಬರ ಹೆಸರಿನಲ್ಲಿ ಉಳಿದದ್ದು ಅಮ್ಮ ಪಟಾಲಮ್ಮನ ಹಟದಿಂದ. ‘ಮನೇಗೆ ಇಬ್ರ ಹೆಸ್ರೂ ಇರ್ಲಿ ಕಣ್ಲಾ. ನಾನ್ ಕಣ್ಮುಚ್ಚಿದ್ ಮೇಲೆ ಬೇಕಾದ್ರೆ ಕಿತ್ತಾಡ್ಕೊಳ್ಳಿ’ ಅಂದಿದ್ದಳು.

ಈಗ ಕಂಪನಿಯವರು ನೋಟೀಸು ಕಳಿಸಿದ್ದಾರೆ. ಇದೇ ಇಪ್ಪತ್ತೇಳು, ಗುರುವಾರ, ಕರಾರನ್ನು ರಿಜಿಸ್ಟರ್ ಮಾಡಿಸಲು ನಾನು ಬರಬೇಕಂತೆ. ಹೋದರೆ ತಾರಸಿ ಹೋಯಿತು. ಹೋಗದಿದ್ದರೆ ಮಾತು ತಪ್ಪಿದೆ ಅಂತ ನನ್ನ ಮೇಲೇ ಬೀಳುತ್ತಾರೆ. ಇನ್ನೊಬ್ಬ ಮಾಲೀಕಳು ನೀನು, ಅದಕ್ಕೆ ಮುಂಚೆ ‘ನನ್ನ ಒಪ್ಪಿಗೆ ಇಲ್ಲ’ ಅಂತ ಬರೆದು ಕೊಟ್ಟರೆ ಆ ಕರಾರು ನಿಲ್ಲುವುದು ಕಷ್ಟ ಅಂತ ನೌರೀನ್ ಹೇಳುತ್ತಾಳೆ. ಅವಳ ಆಫೀಸು ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ನೀನು ಹೋಗುವಾಗ ನಾನು ಅಲ್ಲಿರುವುದಿಲ್ಲ, ಆ ಬಗ್ಗೆ ಚಿಂತೆ ಬೇಡ. ಇದನ್ನು ಕೇಳುವ ಮುಖ ನನಗಿಲ್ಲ ಅನ್ನುವುದೂ ಗೊತ್ತಿದೆ. ಅದಕ್ಕೇ ಮುಖ ತೋರಿಸದೆ ಕೇಳುತ್ತಿದ್ದೇನೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಹೊಲಿಗೆ ಮೆಷಿನ್ನಿನ ಮುಂದೆ ರಾತ್ರಿಯೆಲ್ಲ ಕೂರಬೇಡ. ಶಾಲೆಯವರ ಯೂನಿಫಾರಂ ಒಂದು ದಿನ ತಡವಾದರೆ ಭೂಮಿ ಬಾಯಿ ಬಿಡುವುದಿಲ್ಲ. ಮುನಿಆಂಜನಪ್ಪನವರಿಗೆ ನನ್ನ ನಮಸ್ಕಾರ ತಿಳಿಸು, ಅವರು ಸ್ವೀಕರಿಸಿದರೆ. ನೀವಿಬ್ಬರೂ ಬಹಳ ಕಾಲ ಚೆನ್ನಾಗಿರಿ ಅಂತ ಹರಸುವಷ್ಟು ವಯಸ್ಸು ನನಗೆ ಇದೆ, ಯೋಗ್ಯತೆಯ ಮಾತು ನಿನಗೆ ಬಿಟ್ಟದ್ದು.

ನಿನ್ನ ಅಣ್ಣ
ಕೆಂಪರಾಜ್

ಮತ್ತೆ: ಲಕೋಟೆಗೆ ಅಂಟು ಹಾಕಿ ಮತ್ತೆ ಕಿತ್ತು ಇದನ್ನು ಬರೆಯುತ್ತಿದ್ದೇನೆ. ಅಂಚೆ ತೆಗೆಯುವ ಹೊತ್ತಾಯಿತು. ಮೇಲೆ ಒಂದು ವಿಷಯ ಬಿಟ್ಟಿದ್ದೆ, ಮರೆತು ಅಲ್ಲ. ಟ್ಯಾಬಿನಲ್ಲಿ ತುಂಬುವಾಗ ರಾಮು ಕೇಳಿದ್ದ, ‘ಮನೆಗೆ ಬೇರೆ ಪಾಲುದಾರರು ಯಾರಾದ್ರೂ ಇದ್ದಾರಾ ಅಂಕಲ್?’ ಅವನು ಮಾಡಿದ ಮೋಸ ನೂರಿರಬಹುದು, ಆ ಪ್ರಶ್ನೆಯನ್ನು ಮಾತ್ರ ನೇರವಾಗಿ, ಕನ್ನಡದಲ್ಲಿ ಕೇಳಿದ್ದ. ‘ಯಾರೂ ಇಲ್ಲಪ್ಪ, ನಾನೊಬ್ಬನೇ’ ಅಂದೆ. ಒಂದು ಗಳಿಗೆಯೂ ತಡವರಿಸಲಿಲ್ಲ. ಇದನ್ನು ನೌರೀನ್‌ಗೂ ಹೇಳಿದೆ. ‘ಗಮನಕ್ಕೆ ಬಾರದೆ ಆಯ್ತು ಅಂತ ಹಾಕೋಣ ಅಂಕಲ್, ಇಲ್ಲದಿದ್ರೆ ಕಂಪನಿಯವರು ನಿಮ್ಮ ಮೇಲೇ ವಂಚನೆ ಕೇಸು ಹಾಕ್ತಾರೆ’ ಅಂತ ನೌರೀನ್ ಹೇಳಿದಳು. ಹಾಕಲಿ. ನೀನು ಆಕ್ಷೇಪಣೆ ಬರೆಸುವಾಗ ನನ್ನನ್ನು ಬಿಡಬೇಡ. ಕಂಪನಿಯ ಹೆಸರಿನ ಕೆಳಗೆ ಎರಡನೆಯ ಎದುರುದಾರ ಅಂತ ನನ್ನ ಹೆಸರು ಬರೆಸು, ಇದ್ದ ತಂಗಿಯನ್ನು ಇಲ್ಲ ಅಂದವನು ಅಂತ ಬರೆಸು. ತಂದೆಯ ಹೆಸರು ಬರೆಯುವ ಕಡೆ ನಿನ್ನ ಮುಂದೆಯೂ ನನ್ನ ಮುಂದೆಯೂ ಒಂದೇ ಹೆಸರು ಬರುತ್ತದೆ. ಟೈಪು ಮಾಡುವವನು ತಪ್ಪಾಗಿದೆಯೇನೋ ಅಂತ ಕೇಳುತ್ತಾನೆ. ಸರಿಯಾಗೇ ಇದೆ ಅಂತ ಹೇಳು.