ಗಸಗಸೆಯಷ್ಟು ಕಂದು ಚುಕ್ಕೆ

ಭಾನುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಅಕ್ಕಾ,

ನೀನು, ಭಾವ, ಪುಟ್ಟಿ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಮೂರು ತಿಂಗಳಾಯಿತು. ಬೈದುಕೋ. ಫೋನಿನಲ್ಲಂತೂ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಅಮ್ಮ ಹೋದ ಮೇಲೆ ಪೆನ್ನು ಹಿಡಿದರೂ ಹಿಡಿದ ಹಾಗೆ ಅನ್ನಿಸುತ್ತಿರಲಿಲ್ಲ.

ಊಟ, ನಿದ್ದೆ ಸರಿಯಾಗಿದೆ. ಕೆಲಸಕ್ಕೂ ತಪ್ಪಿಸಿಲ್ಲ. ಆದರೆ ಮೇಜು, ಗೋಡೆ, ಬೀದಿ ಎಲ್ಲವೂ ಯಾರೋ ಬಣ್ಣ ಬಳಿದು ನಿಲ್ಲಿಸಿದ ಹಾಗಿವೆ. ಬಸ್ಸಿನ ಕಂಬಿ ಹಿಡಿದರೆ ತಣ್ಣಗಿದೆ ಎಂದು ತಿಳಿಯುತ್ತದೆ, ತಣ್ಣಗೆ ಅನ್ನಿಸುವುದಿಲ್ಲ.

ಕೃತಕ ಕಣ್ಣು ಮಾಡುವ ನಮ್ಮ ಅಂಗಡಿಯ ಪದ್ಧತಿ ಹೇಳಿದ್ದೆನಲ್ಲ. ಗಿರಾಕಿಯನ್ನು ಕಿಟಕಿಯ ಬಳಿ ಕೂರಿಸಿ, ಉಳಿದಿರುವ ಕಣ್ಣನ್ನು ನೋಡಿಕೊಂಡು ಅದರ ಜೋಡಿಗೆ ಬಣ್ಣ ಹಾಕಬೇಕು. ಯಾರ ಮುಖವನ್ನೂ ನೋಡಿ ಮಾತಾಡಲಾರದ ನಾನು ಇಲ್ಲಿ ಗಂಟೆಗಟ್ಟಲೆ ಒಂದೇ ಕಣ್ಣು ನೋಡುತ್ತೇನೆ. ಹೋದ ತಿಂಗಳು ಒಬ್ಬ ಟೈಲರ್ ಬಂದಿದ್ದರು. ಬಾಯಿ ಸುಮ್ಮನಿರದ ಮನುಷ್ಯ.

“ಇಲ್ಲದ ಕಣ್ಣಲ್ಲಿ ಒಂದೊಂದು ಸಲ ಬೆಳಕು ಕಾಣುತ್ತೆ ಕಣಮ್ಮ. ಹಳದಿ, ನೀಲಿ. ಇನ್ನೊಂದು ಕಣ್ಣು ಮುಚ್ಚಿದ್ರೂ ಇರುತ್ತೆ. ನೀನು ಓದಿದವಳು, ಹೇಳು, ಅದು ಇದೆಯೋ ಇಲ್ವೋ?”

“ನಾನು ಓದಿದ್ದು ಸಾಹಿತ್ಯ ಸರ್,” ಎಂದೆ.

“ಹಾಗಾದ್ರೆ ಕಷ್ಟ ಬಿಡು,” ಎಂದು ನಕ್ಕರು.

ಕಣ್ಣು ಹಾಕಿಸಿಕೊಂಡು ಹೋದವರು ಮರುದಿನವೇ ಹೆಂಡತಿಯ ಜೊತೆ ವಾಪಸ್ ಬಂದರು. ಆಕೆ ನನ್ನನ್ನು ಕಿಟಕಿಯ ಹತ್ತಿರ ಕರೆದು, “ನೋಡಮ್ಮ, ಇಪ್ಪತ್ತೆರಡು ವರ್ಷದಿಂದ ಈ ಮುಖ ನೋಡ್ತಿದೀನಿ. ಇದು ಯಾರದೋ ಕಣ್ಣು,” ಎಂದರು. ನಾನು ಮಾಡಿದ ಕಣ್ಣಿನಲ್ಲಿ, ಪಾಪೆಯ ಕೆಳಗೆ ಗಸಗಸೆಯಷ್ಟು ಒಂದು ಕಂದು ಚುಕ್ಕೆ. ಟೈಲರ್ ಅವರ ಸ್ವಂತ ಕಣ್ಣಲ್ಲಿ ಚುಕ್ಕೆಯೇ ಇಲ್ಲ. ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ.

ಅದು ಅಮ್ಮನ ಚುಕ್ಕೆ, ಅಕ್ಕಾ.

“ಇರಲಿ ಬಿಡೇ, ಯಾರು ನೋಡ್ತಾರೆ?” ಎಂದರು ಟೈಲರ್.

“ನಾನು ನೋಡ್ತೀನಲ್ಲ,” ಎಂದರು ಆಕೆ.

ನಮ್ಮ ಯಜಮಾನರು ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ, “ಉಜ್ಜಿ ತೆಗಿಯಮ್ಮ. ಎದುರಿಗೆ ಇಲ್ಲದ್ದನ್ನ ಬರೀಬಾರದು,” ಎಂದರು, ಅಷ್ಟೇ.

ಮೇಲಿನ ಪದರ ಸವೆಸಿ, ಉಪ್ಪುಕಾಗದದಿಂದ ಉಜ್ಜಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಬೆರಳ ತುದಿಗೆ ಕಂದು ಪುಡಿ ಹತ್ತಿತು. ಅಳು ಬರಬಹುದೆಂದು ಕಾದೆ. ಬರಲಿಲ್ಲ. ಕೈ ತೊಳೆದು ಊಟದ ಡಬ್ಬಿ ತೆರೆದೆ.

ಭಾವನಿಗೆ ನಮಸ್ಕಾರ. ಪುಟ್ಟಿ ನೂರು ವರ್ಷ ಬಾಳಲಿ. ಹಲ್ಲು ಬಿದ್ದ ಅವಳ ನಗುವಿನ ಫೋಟೊ ಕಳಿಸು.

ನಿನ್ನ ತಂಗಿ,
ಮೂಗಿ

ತಾ.ಕ.: ಮಡಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ಆ ಚುಕ್ಕೆ ಅಮ್ಮನ ಎಡಗಣ್ಣಿನಲ್ಲಿತ್ತೋ ಬಲಗಣ್ಣಿನಲ್ಲಿತ್ತೋ ನನಗೆ ನೆನಪಾಗುತ್ತಿಲ್ಲ. ಇತ್ತೋ ಇಲ್ಲವೋ ಎಂಬುದೂ ಈಗ ಗೊತ್ತಿಲ್ಲ. ಫೋಟೊಗಳಲ್ಲೆಲ್ಲ ಅಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ನಿಂತಿದ್ದಾಳೆ. ಅಮ್ಮ ಹೋದ ದಿನ ನೀನು “ಬಾರೇ, ಒಂದು ಸಲ ನೋಡು” ಎಂದು ಎರಡು ಬಾರಿ ಕರೆದೆ. ನಾನು ಬಾಗಿಲಲ್ಲೇ ನಿಂತು ಚಿಲಕ ನೋಡುತ್ತಿದ್ದೆ. ರೆಪ್ಪೆ ಮುಚ್ಚಿದವಳು ನೀನು. ಯಾವ ಕಣ್ಣು ಎಂದು ಬರೆ. ನಿನಗೂ ನೆನಪಿಲ್ಲದಿದ್ದರೆ ಇಲ್ಲವೆಂದೇ ಬರೆ. ನನ್ನ ಸಮಾಧಾನಕ್ಕೆ ಒಂದನ್ನು ಆರಿಸಬೇಡ.