ಕೀಳದೆ ಬಿಟ್ಟ ಹದಿನೇಳು ಕೋಲು

ಅಕ್ಟೋಬರ್ 4, ಬೆಳಿಗ್ಗೆ ಏಳು

ಒಲೆಯ ಬೂದಿ ತೆಗೆದೆ. ಚಹಾ ಆಯಿತು. ಇಳಿತ ಏಳೂಮುಕ್ಕಾಲಿಗೆ. ಸಣ್ಣ ಉಬ್ಬರದ ವಾರ, ನೀರು ದೂರ ಹೋಗುವುದಿಲ್ಲ. ಗಾಳಿ ನೈಋತ್ಯದಿಂದ. ಮಂಡಿ ನಿನ್ನೆಗಿಂತ ವಾಸಿ.

ನೆಸ್ಟಾ, ಅಕ್ಕಾ, ನಿನ್ನ ಮೊಮ್ಮಗಳು ಬಂದಿದ್ದಾಳೆ. ಮೈರ್‌ಳ ಮಗಳು ಫ್ಲೂರ್. ನೀನು ತೊಟ್ಟಿಲಲ್ಲಿ ಬಿಟ್ಟುಹೋದ ಮೈರ್‌ಗೇ ಈಗ ಅರವತ್ತೊಂದು, ಸ್ವಾನ್ಸಿಯಲ್ಲಿದ್ದಾಳೆ. ಈ ಹುಡುಗಿಗೆ ಇಪ್ಪತ್ತೊಂಬತ್ತು. ನಡೆಯುವಾಗ ಎಡಭುಜ ತುಸು ಮುಂದೆ ಬರುತ್ತದೆ, ನಿನ್ನ ಹಾಗೆಯೇ. ನನ್ನನ್ನು ಮಮ್‌ಗೀ ಅನ್ನುತ್ತಾಳೆ. ಸ್ವಂತ ಅಜ್ಜಿಯನ್ನು ಹಾಗೆ ಕರೆಯಬೇಕಿತ್ತು. ಆ ಜಾಗದಲ್ಲಿ ನಾನಿದ್ದೇನೆ.

ಅವಳದು ವಿಚಿತ್ರ ಕೆಲಸ. ಅಳಿವೆಯ ಈ ಮಗ್ಗುಲು ಹೇಗಿತ್ತು, ಹೇಗಾಯಿತು ಅಂತ ಬರೆಯಬೇಕಂತೆ — ಕಡಲ ಒಡ್ಡು, ಜೌಗು ಒಣಗಿಸಿ ಮಾಡಿದ ಹೊಲ, ಮರಳುದಿಬ್ಬ, ಕಾಲುದಾರಿ, ಎಲ್ಲಾ. ಆರು ವಾರ ನನ್ನ ಜೊತೆ ಇರುತ್ತಾಳೆ.

ಅರವತ್ತೊಂದು ವರ್ಷದಿಂದ ನಿನಗೆ ಬರೆಯುತ್ತಿದ್ದೇನೆ. ನೀನು ಓದುವುದಿಲ್ಲ ಎಂಬ ಧೈರ್ಯ.

ಅಕ್ಟೋಬರ್ 8

ಒಡ್ಡಿನ ಮೇಲೆ ಫ್ಲೂರ್ ಜೊತೆ ನಡೆದೆ. ಹೊಲಗಳ ಹೆಸರು ಹೇಳಿದೆ, ಬರೆದುಕೊಂಡಳು. ಉದ್ದಪಟ್ಟೆ, ವಿಧವೆಯ ಗದ್ದೆ, ಉಪ್ಪುಮೂಲೆ. ಹದಿನೈದಕ್ಕೇ ಶಾಲೆ ಬಿಟ್ಟವಳು ನಾನು. ಉಳಿದದ್ದೆಲ್ಲ ಚಾಪೆಲ್ಲಿನ ಕಪಾಟಿನ ಪುಸ್ತಕದಿಂದ ಕಲಿತದ್ದು. ಈಗ ಓದಿದವಳೊಬ್ಬಳು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ. ಚೂರು ಜಂಬ ಬಂತು, ನಗಬೇಡ.

ದಾರಿಯಲ್ಲಿ ಗೆಥಿನ್ ಸಿಕ್ಕ. ಚಿಪ್ಪುಮೀನು ಆರಿಸುವವರಲ್ಲಿ ಇಲ್ಲಿ ಉಳಿದಿರುವವನು ಅವನೊಬ್ಬನೇ.

"ಏನಮ್ಮಾ, ಎಷ್ಟು ಹಳೇದಿದ್ರೆ ಬರ್ಕೋತೀಯಾ ನೀನು?"

"ನೂರು ವರ್ಷ ದಾಟಿದ್ರೆ ಸಾಕು ಅಂಕಲ್."

"ಹಾಗಾದ್ರೆ ನನ್ನ ಪ್ಯಾಂಟು ಬರ್ಕೋ. ಈ ಟೆಗಿ ಅಜ್ಜಿನೂ ಬರ್ಕೋ, ಅವ್ಳು ಇನ್ನೇನು ದಾಟ್ತಾಳೆ."

"ನಿನ್ನ ಬಾಯಿಗೆ ಮರಳು ಹಾಕ!" ಅಂದೆ. ಫ್ಲೂರ್ ನಕ್ಕಳು. ನಿನ್ನದೇ ನಗು. ಮನೆಗೆ ಬಂದ ಮೇಲೂ ಕಿವಿಯಲ್ಲಿ ಉಳಿಯಿತು.

ಅಕ್ಟೋಬರ್ 12, ಸಂಜೆ

ಎರಡು ದಿನ ಬಿರುಗಾಳಿ. ದೊಡ್ಡ ಉಬ್ಬರವೂ ಸೇರಿತು. ದಿಬ್ಬ ಕೊರೆದುಹೋಗಿದೆ, ಅಳಿವೆಯ ಮರಳು ಒಂದು ಮೊಳ ತಗ್ಗಿದೆ.

ಫ್ಲೂರ್ ಓಡಿಬಂದಳು, ಬೂಟು ಕಳಚದೆ ಅಡುಗೆಮನೆಗೇ.

"ಮಮ್‌ಗೀ! ಮರಳಲ್ಲಿ ಕೋಲು ಎದ್ದಿವೆ. ಸಾಲಾಗಿ! ದುರ್ಬೀನಲ್ಲಿ ನೋಡ್ದೆ. ಮೀನು ಹಿಡಿಯೋ ಹಳೇ ಬೇಲಿ ಇರ್ಬೋದು, ಆರ್ನೂರು ವರ್ಷದ್ದು!"

"ಎಷ್ಟಿವೆ?"

"ಹದಿನೇಳು."

ಬಾಣಲೆಯಲ್ಲಿ ಬೇಕನ್ ಸೀದಿತು. ಸೀದದ್ದನ್ನೇ ತಿಂದೆವು.

ಅಕ್ಟೋಬರ್ 13

ಬರೆದುಬಿಡುತ್ತೇನೆ. ಇಷ್ಟು ವರ್ಷ ನಿನಗೂ ಬರೆದಿಲ್ಲ.

1961, ನವೆಂಬರ್. ಅಪ್ಪ ಊರಿನ ಕೋಲಿನವನು. ಚಿಪ್ಪುಮೀನಿನ ಬಯಲಿಗೆ ಹೋಗಿಬರುವ ದಾರಿಗೆ ನಲವತ್ತು ಕೋಲು ನೆಡುವುದು ಅವನ ಕೆಲಸ, ತುದಿಗೆಲ್ಲ ಅಮ್ಮನ ಹಳೇ ಲಂಗದ ಕೆಂಪು ಬಟ್ಟೆ ಸುತ್ತಿ. ಮರಳಿನಡಿ ಕಾಲುವೆ ಜಾಗ ಬದಲಿಸಿದರೆ ದಾರಿಯೂ ಬದಲಿಸಬೇಕು. ಆಗ ಒಂದೇ ಕಟ್ಟಳೆ — ಹಳೇ ಸಾಲು ಪೂರ್ತಿ ಕಿತ್ತ ಮೇಲೆಯೇ ಹೊಸದು. ಅಳಿವೆಯಲ್ಲಿ ಯಾವತ್ತೂ ಎರಡು ಸಾಲು ಇರಕೂಡದು. ನಿಂತ ಕೋಲನ್ನು ಕಣ್ಣುಮುಚ್ಚಿ ನಂಬುತ್ತಿದ್ದರು ಜನ.

ಅಪ್ಪನಿಗೆ ಎದೆನೋವು, ಹಾಸಿಗೆಯಲ್ಲಿದ್ದ. ನನ್ನನ್ನು ಕೀಳಲು ಕಳಿಸಿದ. ದಡದಿಂದ ಶುರುಮಾಡಿ ಇಪ್ಪತ್ತಮೂರು ಕಿತ್ತೆ. ಬೆರಳು ಸೆಟೆದುಹೋದವು. ಕಡಲ ಕಡೆಯ ಹದಿನೇಳು ಉಳಿದವು. ನಾಳೆ ಕಿತ್ತರಾಯಿತು ಅಂದುಕೊಂಡೆ. ಮನೆಗೆ ಬಂದೆ.

"ಎಲ್ಲಾ ಕಿತ್ತೆಯೇನೇ?"

"ಎಲ್ಲಾ ಕಿತ್ತೆ, ಅಪ್ಪಾ."

ಆ ಮಧ್ಯಾಹ್ನವೇ ಪಕ್ಕದ ಮನೆಯವರು ಪೂರ್ವಕ್ಕೆ ಹೊಸ ಸಾಲು ನೆಟ್ಟರು. ಮಾರನೇ ದಿನ ನೀನು ಕತ್ತೆ ಹೊಡೆದುಕೊಂಡು, ಚಿಪ್ಪು ಸೋಸುವ ಜರಡಿ ಹೆಗಲಿಗೇರಿಸಿ ಹೋದೆ. ವಾಪಸಾಗುವಾಗ ಮಂಜು. ನಿನಗೆ ಮೊದಲು ಸಿಕ್ಕಿದ್ದು ನನ್ನ ಹದಿನೇಳು. ಒಂದರಿಂದ ಒಂದಕ್ಕೆ ನಡೆದಿರುತ್ತೀಯ, ನಂಬಿಕೊಂಡು. ಹದಿನೇಳರ ಮುಂದೆ ಏನೂ ಇರಲಿಲ್ಲ. ಕಾಲುವೆ ಇತ್ತು.

ಕತ್ತೆ ಬಂತು, ಕುತ್ತಿಗೆವರೆಗೂ ಒದ್ದೆ. ನೀನು ಬರಲಿಲ್ಲ. ಜರಡಿಯೂ ಸಿಗಲಿಲ್ಲ. ಹುಡುಕುವವರ ಕಣ್ಣಿಗೆ ಬೀಳುವ ಮೊದಲೇ ರಾತ್ರಿಯ ಗಾಳಿ ಮರಳು ತಂದು ಹದಿನೇಳನ್ನೂ ಮುಚ್ಚಿತ್ತು. ಮಂಜಿನಲ್ಲಿ ದಾರಿ ತಪ್ಪಿದಳು ಅಂದರು ಎಲ್ಲರೂ. ನಾನೂ ಅಂದೆ.

ಅಕ್ಟೋಬರ್ 27, ಮಧ್ಯಾಹ್ನ ಎರಡು

ಎರಡು ವಾರ ಬರೆಯಲಿಲ್ಲ. ಸಣ್ಣ ಉಬ್ಬರದ ದಿನಗಳಲ್ಲಿ ಕೋಲು ನೀರೊಳಗೇ ಇದ್ದವು, ನೆಮ್ಮದಿಯಾಗಿತ್ತು. ಇವತ್ತು ದೊಡ್ಡ ಇಳಿತ.

ಕಿಟಕಿಯಿಂದ ಎಣಿಸಿದೆ. ಮತ್ತೆ ಎಣಿಸಿದೆ. ಇಪ್ಪತ್ತಾರು.

ಹದಿನೇಳರ ಮೇಲೆ ಒಂದೂ ಇರಲು ಸಾಧ್ಯವಿಲ್ಲ. ನಾನು ಕಿತ್ತ ಇಪ್ಪತ್ತಮೂರನ್ನು ಈ ಕೈಯಿಂದಲೇ ಹೊತ್ತು ತಂದಿದ್ದೆ. ಅಪ್ಪ ಎಣಿಸದೆಯೇ ಹಿತ್ತಿಲ ಬೀನ್ಸ್ ಬಳ್ಳಿಗೆ ಊರಿದ. ಮೂರನೇ ವರ್ಷ ಒಲೆಗೆ ಹಾಕಿದೆವು. ಬೂದಿ ಗುಡಿಸಿದವಳು ನಾನೇ.

ಹೊಸ ಒಂಬತ್ತು ದಡದ ಕಡೆಗೆ ಎದ್ದಿವೆ. ನಮ್ಮ ಮನೆ ಕೆಳಗಿನ ಕಲ್ಲುಮೆಟ್ಟಿಲ ನೇರಕ್ಕೆ.

ಅಕ್ಟೋಬರ್ 28

ಗೆಥಿನ್ ಬಂದ. ಜೇಬಿನಿಂದ ಚಿಂದಿ ತೆಗೆದು ಮೇಜಿನ ಮೇಲಿಟ್ಟ. ಕೆಂಪು.

"ಕೋಲಿನ ತುದಿಯಲ್ಲಿತ್ತು. ನಿಮ್ಮಪ್ಪ ಸುತ್ತೋ ಥರಾನೇ ಸುತ್ತಿದೆ ನೋಡು ಟೆಗಿ, ಎರಡು ಸುತ್ತು, ಒಂದು ಗಂಟು. ಅರವತ್ತು ವರ್ಷ ಮರಳಲ್ಲಿದ್ರೂ ಬಣ್ಣ ಹೋಗಿಲ್ಲ. ನಾನು ಅಂಗಡೀಲಿ ತಗೊಂಡ ಶರ್ಟು ಎರಡು ಒಗೆತಕ್ಕೇ..."

ಮುಟ್ಟಿದೆ. ಒದ್ದೆಯಾಗಿತ್ತು. ಮೆತ್ತಗಿತ್ತು, ಈಗತಾನೆ ಹರಿದ ಹಾಗೆ.

ಫ್ಲೂರ್‌ಗೆ ಇನ್ನೂ ಖುಷಿ. "ಮೀನಿನ ಬೇಲಿ ಅಲ್ಲ ಹಾಗಾದ್ರೆ. ನಮ್ಮ ಮುತ್ತಜ್ಜ ನೆಟ್ಟ ದಾರಿ!"

ನವೆಂಬರ್ 4

ಒಡ್ಡಿನ ಮೇಲೆ ಕೂತಿದ್ದೆ. ಹಾಡಹಗಲು, ಗಾಳಿಯಿಲ್ಲ. ಮರಳಿನ ಮೇಲೆ ಒಂದು ಪಿಳ್ಳೆಯೂ ಇಲ್ಲ. ಆದರೂ ಕೇಳಿಸಿತು — ಜರಡಿ. ಝಲ್... ಝಲ್... ಮೂರು ಸಲ ಆಡಿಸುವುದು, ಒಂದು ಸಲ ನಿಲ್ಲಿಸುವುದು. ಮರಿ ಚಿಪ್ಪು ಕೆಳಗೆ ಬೀಳಲಿ ಅಂತ ನೀನು ನಿಲ್ಲಿಸುತ್ತಿದ್ದೆಯಲ್ಲ, ಹಾಗೆ. ಬೇರೆ ಯಾರೂ ನಿಲ್ಲಿಸುತ್ತಿರಲಿಲ್ಲ.

ಕಿವಿಗೆ ವಯಸ್ಸಾಗಿದೆ ಅಂದುಕೊಂಡು ಎದ್ದುಬಂದೆ. ತಿರುಗಿ ನೋಡಲಿಲ್ಲ.

ನವೆಂಬರ್ 7, ರಾತ್ರಿಯೂಟ ಆದ ಮೇಲೆ

ಫ್ಲೂರ್ ನಕ್ಷೆ ಹರಡಿದಳು. ಗುರುವಾರ ದೊಡ್ಡ ಇಳಿತ. ಸಾಲಿನ ಕಡಲ ಕಡೆಯ ತುದಿಯವರೆಗೂ ಹೋಗಬೇಕಂತೆ, ಒಂದೊಂದು ಕೋಲನ್ನೂ ನಕ್ಷೆಗೆ ಸೇರಿಸಬೇಕಂತೆ.

"ಗೆಥಿನ್ ಅಂಕಲ್ ಅವತ್ತು ಲನೆತ್ಲಿ ಮಾರ್ಕೆಟ್ಟಿಗೆ ಹೋಗ್ತಾರೆ. ಒಬ್ಳೇ ಹೋಗ್ಬೋದಲ್ವಾ ಮಮ್‌ಗೀ?"

"ಒಬ್ಳೇ ಯಾಕೆ..."

"ಹಳೇ ಸಾಲು ಯಾವತ್ತೂ ಬಿಡ್ತಿರ್ಲಿಲ್ಲ, ಕಿತ್ತೇ ಕೀಳ್ತಿದ್ರು ಅಂತ ಅಂಕಲ್ ಹೇಳಿದ್ರು. ಅಂದ್ಮೇಲೆ ಈಗ ಉಳಿದಿರೋದು ಕೊನೇ ಸರಿಯಾದ ದಾರಿನೇ ಅಲ್ವಾ?"

ನೀನೂ ಹೀಗೇ ಲೆಕ್ಕ ಹಾಕಿರುತ್ತೀಯ, ಮಂಜಿನಲ್ಲಿ ನಿಂತು.

ಬಾಯಿ ತೆರೆದೆ. 'ಅಲ್ಲ' ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂದರೆ ಹೇಳಬೇಕು. ಹೇಳಿದರೆ ಮಮ್‌ಗೀ ಅಂತ ಇನ್ನು ಯಾರು ಕರೆಯುತ್ತಾರೆ?

"ಹೌದು ಪುಟ್ಟಿ," ಅಂದೆ. "ಸರಿಯಾದ ದಾರಿನೇ."

ಅದೇ ಅಡುಗೆಮನೆ, ಅದೇ ಸುಳ್ಳು. ಗುರುವಾರ ಬೆಳಿಗ್ಗೆ ಹೇಳಿಬಿಡುತ್ತೇನೆ. ಖಂಡಿತ ಹೇಳುತ್ತೇನೆ.

ನವೆಂಬರ್ 10, ಗುರುವಾರ, ಹನ್ನೆರಡೂಕಾಲು

ಬೆಳಿಗ್ಗೆ ಹೇಳಲಿಲ್ಲ. ಚಾಪೆಲ್ಲಿನ ಹಿತ್ತಾಳೆ ಉಜ್ಜಲು ಹೋದೆ. ಬಂದ ಮೇಲೆ ಹೇಳೋಣ, ಒಂದು ಗಂಟೆಗೆ ತಾನೇ ಇಳಿತ ಅಂದುಕೊಂಡೆ. ಬಂದರೆ ಮೇಜಿನ ಮೇಲೆ ಚೀಟಿ — "ಬಿಸಿಲು ಚೆನ್ನಾಗಿದೆ, ಬೇಗ ಹೊರಟೆ. ಮೂರಕ್ಕೆ ಚಹಾ ಇಟ್ಟಿರಿ!"

ಕಿಟಕಿಯಾಚೆ ಏನೂ ಇಲ್ಲ. ಒಡ್ಡಿಲ್ಲ, ಮೆಟ್ಟಿಲಿಲ್ಲ. ಎಲ್ಲಾ ಮಂಜು. ಅವಳ ಫೋನ್ ಹತ್ತುತ್ತಿಲ್ಲ. ರಕ್ಷಣಾ ದೋಣಿಯವರಿಗೆ ಹೇಳಿದೆ, ಹೊರಡುತ್ತೇವೆ ಅಂದರು. ನೀರು ಏರುವವರೆಗೆ ದೋಣಿ ಎಲ್ಲಿ ತೇಲಬೇಕು?

ಚಿಪ್ಪು ಬೇಯಿಸುವ ಹಳೇ ಹಂಡೆಯ ಮುಚ್ಚಳ ತೆಗೆದುಕೊಂಡು ಹೋಗುತ್ತಿದ್ದೇನೆ.

ಅದೇ ದಿನ, ಐದು ಗಂಟೆ

ಮೆಟ್ಟಿಲ ಮೇಲೆ ನಿಂತು ಮುಚ್ಚಳ ಬಡಿದೆ. ನಿನಗೋಸ್ಕರ ಅಪ್ಪ ಹಾಸಿಗೆಯಿಂದೆದ್ದು ಬಂದು ಬಡಿದ ಹಾಗೆ. ಒಂದು, ಎರಡು ಗಂಟೆ. ಕೈಚರ್ಮ ಸುಲಿಯಿತು. ಮೂರು ದಾಟಿತು. ನೀರಿನ ಸದ್ದು ಹತ್ತಿರವಾಗುತ್ತಿತ್ತು.

ಆಮೇಲೆ ಮಂಜಿನೊಳಗಿಂದ ಒಂದು ಎಡಭುಜ. ನೀನೇ ಅಂದುಕೊಂಡೆ, ಆಣೆಗೂ.

ಫ್ಲೂರ್. ತೊಡೆವರೆಗೂ ಒದ್ದೆ, ಹಲ್ಲು ಕಟಕಟ.

"ಕೋಲು ಹಿಡ್ಕೊಂಡೇ ಬಂದೆ ಮಮ್‌ಗೀ. ಹದಿನೇಳನೇದರ ಹತ್ರ ನೀರು ಬಂದ್ಬಿಡ್ತು, ಕಾಲು ಹೂತುಕೊಳ್ತು, ಮುಗೀತು ಅಂದ್ಕೊಂಡೆ. ಕೈ ಚಾಚಿದ್ರೆ ಮುಂದಿನ ಕೋಲು ಸಿಕ್ತು. ಆಮೇಲೆ ಒಂದೂ ತಪ್ಲಿಲ್ಲ. ನಲವತ್ತು. ಈ ಮೆಟ್ಟಿಲವರೆಗೂ."

ಕಂಬಳಿ ಹೊದಿಸಿದೆ. ಒಲೆಯ ಮುಂದೆ ಕೂರಿಸಿದೆ. ಎರಡು ಕಪ್ ಚಹಾ ಕುಡಿದ ಮೇಲೆ ಕೇಳಿದಳು, ಮೆತ್ತಗೆ —

"ನನ್ನ ಹಿಂದೆ ಬರ್ತಿದ್ರಲ್ಲ, ಅವರು ಯಾರು?"

"ಯಾರು?"

"ನೋಡ್ಲಿಲ್ಲ. ನೋಡ್ಬಾರ್ದು ಅನ್ನಿಸ್ತು. ಏನೋ ಆಡಿಸ್ತಾ ಬರ್ತಿದ್ರು. ಮೂರು ಸಲ ಆಡ್ಸೋದು, ನಿಲ್ಸೋದು. ಮೆಟ್ಟಿಲ ಹತ್ರ ನಿಮ್ಮ ಸದ್ದು ಕೇಳ್ದಾಗ ನಿಂತ್ಬಿಟ್ರು."

ನವೆಂಬರ್ 11

ಹೇಳಿದೆ.

ಪೂರ್ತಿ ಹೇಳಿದೆ. ಸೆಟೆದ ಬೆರಳು, 'ಎಲ್ಲಾ ಕಿತ್ತೆ ಅಪ್ಪಾ', ಸೋಮವಾರದ ಸುಳ್ಳು. ಫ್ಲೂರ್ ಅಳಲಿಲ್ಲ. ಕಪ್ಪಿನ ಹಿಡಿಕೆಯನ್ನೇ ತಿರುಗಿಸುತ್ತಾ ಕೂತಿದ್ದಳು.

"ನನ್ನಮ್ಮನ್ನ ಸಾಕಿದ್ದು ಅದಕ್ಕಾ?"

"ಮೊದ್ಲು ಅದಕ್ಕೇ. ಆಮೇಲೆ ಅಲ್ಲ."

"ಯಾವಾಗಿಂದ ಅಲ್ಲ?"

"ಹಲ್ಲು ಬಂದಾಗ ಜ್ವರ ಬಂತು ಅವ್ಳಿಗೆ. ಅವತ್ತಿಂದ."

ಎದ್ದು ಕಪ್ಪು ತೊಳೆದಿಟ್ಟಳು. "ಅಮ್ಮಂಗೆ ಫೋನಲ್ಲಿ ಹೇಳೋ ಮಾತಲ್ಲ ಇದು," ಅಂದಳು. ಕಾರು ತೆಗೆದುಕೊಂಡು ಸ್ವಾನ್ಸಿಗೆ ಹೋದಳು. ಹೋಗುವಾಗ ಮಮ್‌ಗೀ ಅನ್ನಲಿಲ್ಲ. ಅವಳ ನಕ್ಷೆ ಇಲ್ಲೇ ಮೇಜಿನ ಮೇಲಿದೆ, ನಲವತ್ತು ಚುಕ್ಕೆ.

ನವೆಂಬರ್ 12, ಬೆಳಿಗ್ಗೆ

ಗೆಥಿನ್ ಬೇಲಿಯಾಚೆಯಿಂದಲೇ ಕೂಗಿದ.

"ಏನ್ ಟೆಗಿ, ನವೆಂಬರ್‌ನಲ್ಲೇ ಬೀನ್ಸಿಗೆ ಕೋಲು ಊರಿದ್ದೀಯಾ? ಬುದ್ಧಿ ನೆಟ್ಟಗಿದ್ಯಾ?"

ಹೋಗಿ ನೋಡಿದೆ. ಹಿತ್ತಿಲ ಕಾಲುದಾರಿಯ ನಡುವೆ ಒಂದು ಕೋಲು. ಎದೆಯೆತ್ತರ. ತುದಿಯಲ್ಲಿ ಕೆಂಪು, ಎರಡು ಸುತ್ತು, ಒಂದು ಗಂಟು.

ನಲವತ್ತೊಂದನೆಯದು. ಅಪ್ಪ ಎಂದೂ ನಲವತ್ತಕ್ಕಿಂತ ಹೆಚ್ಚು ನೆಟ್ಟವನಲ್ಲ.

ಗೆಥಿನ್ ಹೋದ ಮೇಲೆ ಕೀಳೋಣ ಅಂತ ಎರಡೂ ಕೈ ಹಾಕಿದೆ. ಕೋಲು ಬೆಚ್ಚಗಿತ್ತು, ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ. ಇಷ್ಟು ದಿನ ತಪ್ಪು ತಿಳಿದಿದ್ದೆ, ನೆಸ್ಟಾ. ಈ ಕೋಲು ಹುಡುಗಿಯನ್ನು ಆಚೆ ಕರೆಯಲು ಎದ್ದವೆಂದು ಹೆದರಿದ್ದೆ. ಅವು ಎದ್ದದ್ದು ಈಚೆ ಬರಲು. ಅವತ್ತು ನಿನಗೆ ಕಡಿಮೆ ಬಿದ್ದದ್ದು ದಡದ ಕಡೆಯ ಅರ್ಧ ದಾರಿ.

ಕೈ ತೆಗೆದೆ. ಕೀಳಲಿಲ್ಲ.

ನವೆಂಬರ್ 13, ಮಧ್ಯಾಹ್ನ ಮೂರು

ಮೈರ್ ಫೋನ್ ಮಾಡಿದ್ದಳು. "ನಾಳೆ ಬರ್ತೀನಿ ಅಮ್ಮಾ. ಬೈಯೋದಿದೆ ನಿನಗೆ," ಅಂದಳು. ಇಟ್ಟುಬಿಟ್ಟಳು. ಅಮ್ಮಾ ಅಂದಳು, ನೆಸ್ಟಾ. ಆ ಮಾತು ನಿನ್ನದು, ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದೆ.

ಮತ್ತೆ ಮಂಜು. ಹಿತ್ತಿಲ ಕೋಲು ಕಾಣುತ್ತಿಲ್ಲ. ಹೊಸಿಲ ಪಕ್ಕ ಇನ್ನೊಂದು ಎದ್ದಿದೆ, ಅದು ಮಾತ್ರ ಕಾಣುತ್ತಿದೆ.

ಒಲೆಗೆ ಕಲ್ಲಿದ್ದಲು ಹಾಕಿದೆ. ನಿನ್ನ ಕುರ್ಚಿ ಹತ್ತಿರ ಎಳೆದೆ. ಒಣದ್ರಾಕ್ಷಿ ಬಿಲ್ಲೆ ಬೇಯಿಸಿಟ್ಟಿದ್ದೇನೆ, ಅಂಚು ಸ್ವಲ್ಪ ಕಪ್ಪಗೆ, ನಿನಗೆ ಹಾಗೇ ಇಷ್ಟ. ಚಿಲಕ ತೆಗೆದಿದ್ದೇನೆ.

ಜರಡಿಯ ಸದ್ದು ಗೇಟಿನ ಹತ್ತಿರ. ಮೂರು ಸಲ. ನಿಂತಿತು. ಈಗ ಹಿತ್ತಿಲ ಕಲ್ಲಿನ ಮೇಲೆ. ಮೂರು ಸಲ. ನಿಂತಿತು. ಮುಂದೆ ಆಡಿಸಲಿಲ್ಲ.

ಇಳಿತದ ಹೊತ್ತಿದು, ನೀರು ಮೈಲಿಯಾಚೆ ಇರಬೇಕು. ಬಾಗಿಲಡಿಯಿಂದ ತೆಳ್ಳಗೆ ನೀರು ಒಳಗೆ ಬರುತ್ತಿದೆ. ಮರಳು ಬೆರೆತ ನೀರು.

ಎದ್ದೆ ನೆಸ್ಟಾ, ಬಂದೆ, ಮಂಡಿ ಸ್ವಲ್ಪ