ಗಿಲಾವು ಮೆತ್ತಿದ ಗೋಡೆ

ಮಾರ್ಚ್ ೧೧, ಮಂಗಳವಾರ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇವತ್ತು ಮೇಸ್ತ್ರಿ ಬೋಳು ಕಾಂಕ್ರೀಟ್ ಗೋಡೆಗೆ ಗಿಲಾವು ಮಾಡಿ ಮುಗಿಸಿದ್ದಾನೆ. ಅರವತ್ತು ವರ್ಷದ ಹಿಂದೆ ಕಾಂಕ್ರೀಟ್ ಸುರಿದಾಗ ಮೂಡಿದ್ದ ಸೆಂಟ್ರಿಂಗ್ ಹಲಗೆಗಳ ಗೆರೆ, ಗಂಟು ಎಲ್ಲ ಹೋಯಿತು. ಆ ಗೋಡೆಯ ಆಸೆಗೇ ನಾನು ಈ ನವೀಕರಣದ ವಿನ್ಯಾಸದ ಕೆಲಸ ಒಪ್ಪಿಕೊಂಡಿದ್ದೆ. ಎರಡು ವರ್ಷದ ಓಡಾಟ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

“ಪಾಪ, ಆಗಿನೋರು ಅರ್ಧಕ್ಕೇ ಬಿಟ್ಟಿದ್ರು ಮೇಡಂ. ನಾವೇ ಮುಗಿಸಿಬಿಟ್ವಿ,” ಅಂದ. ಮುಖದ ತುಂಬ ಹೆಮ್ಮೆ. ಈಗ ಕೆತ್ತಿಸಿದರೆ ಗೆರೆಗಳೂ ಕಿತ್ತು ಬರುತ್ತವೆ.

ನಾಳೆ ಸರಿಯಾಗಿ ಬೈಯೋಣವೆಂದು ಈಗ ನಕ್ಷೆ ಹರಡಿ ಕೂತೆ. ಪ್ಲಗ್ ಪಾಯಿಂಟ್, ಗುಂಪಾಗಿ ಕೂತು ಓದುವ ಕೋಣೆ, ಗಾಜಿನ ಬಾಗಿಲು, ಎಲ್ಲಕ್ಕೂ ಸೂಚನೆ ಬರೆದಿದ್ದೇನೆ. ಆ ಗೋಡೆಯ ಪಕ್ಕ ಮಾತ್ರ ಖಾಲಿ. ಅದಕ್ಕೆ ಏನೂ ಮಾಡಬೇಕಿಲ್ಲವೆಂದು ಏನೂ ಬರೆದಿಲ್ಲ. ‘ಮುಟ್ಟಬೇಡಿ’ ಅಂತ ಒಂದು ಮಾತು ಬರೆಯಲು ನನಗೇನು ದಾಡಿ ಬಂದಿತ್ತೋ!